ಸಿಡಿ ಈಗ ಯಾರಿಗೆ ಬೇಕು?

ಮನೆಯ ಕಂಪ್ಯೂಟರಿನ ಡಿವಿಡಿ ಡ್ರೈವ್ ಕೆಟ್ಟುಹೋದರೆ ಹೊಸದೊಂದನ್ನು ತರಬೇಕೇ? ತರುವುದಾದರೆ ಎಂಥದ್ದನ್ನು? ಇಷ್ಟು ಪುಟ್ಟ ಪ್ರಶ್ನೆಗೆ ಸಾಹಿತ್ಯ ಪತ್ರಿಕೆಯಲ್ಲೇನು ಕೆಲಸ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಕನ್ನಡದವರು ಹಾಡಿದ, ಆಡಿದ, ದಾಖಲಿಸಿದ ಎಷ್ಟೋ ಸಂಗತಿಗಳು ಉಳಿಯುವುದೂ ಅಳಿಯುವುದೂ ಈ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಅವಲಂಬಿಸಿದೆ. ತರಬೇಕು, ಈ ವರ್ಷವೇ ತರಬೇಕು, ನೋಡಿ ಆರಿಸಿ ತರಬೇಕು ಎಂಬುದು ನನ್ನ ವಾದ.

ಈ ವಾದಕ್ಕೆ ಎದುರಾಗಿ ನಾನು ಕೇಳಿಸಿಕೊಂಡ ಮಾತುಗಳು ಮೂರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಹೇಳಿದ್ದು: "ಅಯ್ಯೋ ಮೇಡಂ, ಈಗ ಯಾರು ಸಿಡಿ ಹಾಕ್ತಾರೆ? ಒಂದು ಪೆನ್‌ಡ್ರೈವ್ ತಗೊಂಡ್ಹೋಗಿ." ಹಾಸ್ಟೆಲಿನ ಗೆಳತಿ ಹೇಳಿದ್ದು: "ಎಲ್ಲಾ ಯೂಟ್ಯೂಬಲ್ಲಿ ಉಂಟಲ್ಲ ಮಾರಾಯ್ತಿ." ನನ್ನ ಬಗ್ಗೆ ಕಾಳಜಿಯಿರುವ ಹಿರಿಯ ಅಧ್ಯಾಪಕರೊಬ್ಬರು ಹೇಳಿದ್ದು: "ಅದೆಲ್ಲ ಲೈಬ್ರರಿಯವರು ನೋಡಿಕೊಳ್ಳುವ ಕೆಲಸ, ನೀನು ಸುಮ್ಮನೆ ಥೀಸಿಸ್ ಬರೆಯಮ್ಮ." ಮೂವರೂ ಒಳ್ಳೆಯವರೇ. ಮೂರು ಮಾತೂ ತಪ್ಪು.

ಮೊದಲ ಮಾತಿಗೆ ಉತ್ತರ ಕೊಡುವ ಮುನ್ನ ಆ ತಟ್ಟೆಗಳಲ್ಲಿ ಏನಿದೆ ಎಂದು ನೋಡೋಣ.

ನನ್ನ ಪಿಎಚ್.ಡಿ. ವಿಷಯ ತಾಳಮದ್ದಳೆಯ ಅರ್ಥಗಾರಿಕೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಪದ್ಯ ಅಚ್ಚಿನಲ್ಲಿ ಸಿಗುತ್ತದೆ. ಮಾತನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಅದು ಆ ರಾತ್ರಿ, ಎದುರಿಗೆ ಕುಳಿತವರ ಮಾತಿಗೆ ಮಾತು ಕೊಡುತ್ತ ಹುಟ್ಟುವಂಥದ್ದು. ಒಬ್ಬರೇ ಅರ್ಥಧಾರಿ ಒಂದೇ 'ಕೃಷ್ಣಸಂಧಾನ'ವನ್ನು ಎರಡು ಊರುಗಳಲ್ಲಿ ಹೇಳಿದರೆ ನನ್ನಂಥವರಿಗೆ ಅವು ಎರಡು ಕೃತಿಗಳು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ಅರ್ಥವನ್ನು ಇವತ್ತು ಅಭ್ಯಾಸ ಮಾಡಬೇಕೆಂದರೆ ಧ್ವನಿಮುದ್ರಣವೇ ಮೂಲಪಠ್ಯ. ಅದಿಲ್ಲದಿದ್ದರೆ ಕೇಳಿದವರ ನೆನಪು ಮಾತ್ರ, ಕೇಳಿದವರಿಗೂ ವಯಸ್ಸಾಗಿದೆ.

ಈ ಮುದ್ರಣಗಳು ಕರಾವಳಿಯ, ಮಲೆನಾಡಿನ ಮನೆಗಳಲ್ಲಿ ಮೊದಲು ಕ್ಯಾಸೆಟ್ಟುಗಳಲ್ಲಿದ್ದವು. ಆಮೇಲೆ ಸಿಡಿ ಬಂತು. ಆಡಿಯೋ ಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ ಮಾತ್ರ. ಆದರೆ 700 ಎಂಬಿಯ ಅದೇ ತಟ್ಟೆಗೆ ಎಂಪಿ3 ಮಾಡಿ ತುಂಬಿದರೆ, ಸಾಧಾರಣ ಗುಣಮಟ್ಟದಲ್ಲಿ ಸುಮಾರು 12 ಗಂಟೆ ಹಿಡಿಯುತ್ತದೆ. ಇಡೀ ರಾತ್ರಿಯ ಕೂಟ ಒಂದೇ ತಟ್ಟೆಯಲ್ಲಿ! ಸಂಭ್ರಮಪಟ್ಟ ಜನ ಕಪಾಟಿನ ತುಂಬ ಇದ್ದ ಕ್ಯಾಸೆಟ್ಟುಗಳನ್ನು ಸಿಡಿಗೆ ಇಳಿಸಿಕೊಂಡರು, ಕ್ಯಾಸೆಟ್ಟುಗಳನ್ನು ಗುಜರಿಗೆ ಕೊಟ್ಟರು. ಪುತ್ತೂರಿನ ಕಡೆಯ ನಿವೃತ್ತ ಮಾಸ್ತರರೊಬ್ಬರು ನನಗೆ ಕೊಟ್ಟ ಕಟ್ಟಿನಲ್ಲಿ ಇರುವುದು ಇಂಥವೇ. ಪ್ರತಿ ತಟ್ಟೆಯ ಮೇಲೂ ದುಂಡನೆಯ ಅಕ್ಷರಗಳಲ್ಲಿ ತಾರೀಕು, ಊರು, ಪ್ರಸಂಗ, ಭಾಗವತರು ಯಾರು, ಯಾವ ಪಾತ್ರ ಯಾರದು ಎಂದು ಬರೆದಿದೆ. ಕ್ಯಾಸೆಟ್ಟು ಈಗ ಇಲ್ಲ. ಇರುವುದು ಈ ಒಂದೇ ಪ್ರತಿ.

ತಾಳಮದ್ದಳೆಯನ್ನು ಬಿಡಿ. ಯಕ್ಷಗಾನದ ವಿಸಿಡಿಗಳಿವೆ. ಜನಪದ ಕಾವ್ಯ ಹಾಡುವವರ ಮನೆಬಾಗಿಲಿಗೆ ಹೋಗಿ ನಮ್ಮ ಹಿಂದಿನ ತಲೆಮಾರಿನ ಸಂಶೋಧಕರು ಮಾಡಿಕೊಂಡ ಕ್ಷೇತ್ರಕಾರ್ಯದ ಮುದ್ರಣಗಳಿವೆ. ಪುಸ್ತಕಗಳ ಹಿಂಬದಿಯ ರಕ್ಷಾಪುಟಕ್ಕೆ ಅಂಟಿಸಿದ ಲಕೋಟೆಯಲ್ಲಿ ಬಂದ ಸಿಡಿಗಳಿವೆ. ವಿಚಾರ ಸಂಕಿರಣಗಳ ಪ್ರಬಂಧಗಳು, ನಿಂತುಹೋದ ಸಣ್ಣ ಪತ್ರಿಕೆಗಳ ಡಿಟಿಪಿ ಕಡತಗಳು ಇವೆ. 'ಧ್ವನಿಸಾಂದ್ರಿಕೆ ಲೋಕಾರ್ಪಣೆ' ಎಂದು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ, ಶಾಲು ಹೊದಿಸಿ, ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿ ನಾವೇ ಲೋಕಕ್ಕೆ ಅರ್ಪಿಸಿದ ವಸ್ತುಗಳಿವು. ಈಗ ಅವನ್ನು ಓದುವ ಯಂತ್ರ ಆ ಲೋಕದ ಮನೆಗಳಲ್ಲಿ ಇಲ್ಲ.

ಪೆನ್‌ಡ್ರೈವ್ ತಗೊಳ್ಳಿ ಎನ್ನುವ ಅಂಗಡಿಯವರಿಗೆ ನನ್ನ ಉತ್ತರ ಇಷ್ಟೇ. ನಾನು ಕೇಳುತ್ತಿರುವುದು ಹೊಸದನ್ನು ತುಂಬಿಡುವ ಡಬ್ಬಿಯನ್ನಲ್ಲ. ಅದು ನನ್ನಲ್ಲಿ ಬೇಕಾದಷ್ಟಿದೆ. ಹಳೆಯ ಡಬ್ಬಿಯ ಬೀಗದ ಕೈ ಕೊಡಿ ಎನ್ನುತ್ತಿದ್ದೇನೆ.

ಆ ಬೀಗವೋ ತುಕ್ಕು ಹಿಡಿಯುತ್ತಿದೆ. ಕಂಪನಿಯವರು ಒತ್ತಿ ತೆಗೆದ ಸಿಡಿಯಲ್ಲಿ ಮಾಹಿತಿ ಇರುವುದು ಪ್ಲಾಸ್ಟಿಕ್ಕಿನಲ್ಲಿ ಮೂಡಿದ ಅತಿ ಸಣ್ಣ ಕುಳಿಗಳ ರೂಪದಲ್ಲಿ. ಮನೆಯಲ್ಲೋ ಅಂಗಡಿಯಲ್ಲೋ 'ರೈಟ್' ಮಾಡಿಸಿದ ಸಿಡಿಯಲ್ಲಿ ಆ ಕುಳಿಗಳಿಲ್ಲ. ಅಲ್ಲಿ ಸಾವಯವ ಬಣ್ಣದ ಒಂದು ತೆಳು ಪದರವಿದೆ, ಲೇಸರ್ ಅದನ್ನು ಕಾಯಿಸಿ ಗುರುತು ಹಾಕಿರುತ್ತದೆ. ಬಣ್ಣ ಎಂದ ಮೇಲೆ ಬಿಸಿಲಿಗೆ, ಸೆಕೆಗೆ, ತೇವಕ್ಕೆ ಮಾಸುತ್ತದೆ. ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಸುವ ನಮ್ಮ ಮಳೆಗಾಲ ಸಿಡಿಗಳಿಗೆ ವಿನಾಯಿತಿ ಕೊಡುವುದಿಲ್ಲ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಹೊಳೆಯುವ ಕೆಳಬದಿಯನ್ನು ನಾವು ಜೋಪಾನವಾಗಿ ಹಿಡಿಯುತ್ತೇವೆ. ಆದರೆ ಸಿಡಿಯ ಲೋಹದ ಪದರ ಇರುವುದು ಹೆಸರು ಬರೆಯುವ ಮೇಲ್ಬದಿಗೆ ತೀರ ಹತ್ತಿರ, ವಾರ್ನಿಷಿನಂಥ ಒಂದು ಲೇಪದ ಕೆಳಗೆ. ಮೇಲ್ಬದಿಯಲ್ಲಿ ಬಾಲ್‌ಪೆನ್ನು ಒತ್ತಿ ಬರೆದರೆ, ಅಂಟಿಸಿದ ಚೀಟಿಯನ್ನು ಕಿತ್ತರೆ, ಮಾಹಿತಿಯೇ ಕಿತ್ತು ಬರಬಹುದು. ಡಿವಿಡಿ ಈ ವಿಷಯದಲ್ಲಿ ವಾಸಿ. ಅದರ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇದೆ.

ಓಲೆಗರಿ ಮಾಸಿದರೆ ಮಸಿ ಸವರಿ ಅಕ್ಷರ ಎಬ್ಬಿಸಬಹುದು. ಒಂದು ತುದಿಯನ್ನು ಹುಳು ತಿಂದರೂ ಉಳಿದ ಸಾಲುಗಳು ಕಣ್ಣಿಗೆ ಸಿಗುತ್ತವೆ. ತಟ್ಟೆ ಅಷ್ಟು ಉದಾರಿಯಲ್ಲ. ಲೇಸರ್ ಅದನ್ನು ಒಳಸುತ್ತಿನಿಂದ ಹೊರಸುತ್ತಿಗೆ ಓದುತ್ತದೆ. ಎಲ್ಲಿ ಏನಿದೆ ಎಂಬ ಪಟ್ಟಿ ಇರುವುದು ಒಳಸುತ್ತಿನಲ್ಲಿ. ಅಲ್ಲೊಂದು ಪೆಟ್ಟು ಬಿದ್ದರೆ, ಮಿಕ್ಕ ಹನ್ನೊಂದೂಮುಕ್ಕಾಲು ಗಂಟೆಯ ಮಾತು ಸರಿಯಾಗಿಯೇ ಇದ್ದರೂ, ಕಂಪ್ಯೂಟರ್ ತಟ್ಟೆ ಖಾಲಿ ಎಂದು ವರದಿ ಕೊಡುತ್ತದೆ. 'ಹಾಳಾಗಿದೆ' ಎಂದು ಬಿಸಾಡಿದ ಎಷ್ಟೋ ತಟ್ಟೆಗಳು ನಿಜಕ್ಕೂ ಹಾಳಾಗಿರಲಿಲ್ಲ.

ಇತ್ತ ತಯಾರಕರೂ ಜಾಗ ಖಾಲಿ ಮಾಡುತ್ತಿದ್ದಾರೆ. 1982ರಲ್ಲಿ ಫಿಲಿಪ್ಸ್ ಜೊತೆ ಸೇರಿ ಸಿಡಿಯನ್ನು ಮಾರುಕಟ್ಟೆಗೆ ತಂದ ಸೋನಿ, 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿತು. ಆಪಲ್ 2008ರ ಮ್ಯಾಕ್‌ಬುಕ್ ಏರ್‌ನಲ್ಲೇ ಡ್ರೈವ್ ಕೈಬಿಟ್ಟಿತ್ತು. ಈಗ ಅದಿರುವ ಹೊಸ ಲ್ಯಾಪ್‌ಟಾಪನ್ನು ಹುಡುಕಿದರೂ ಸಿಗುವುದು ಕಷ್ಟ. ಡೆಸ್ಕ್‌ಟಾಪಿನ ಹೊಸ ಕ್ಯಾಬಿನೆಟ್ಟುಗಳಲ್ಲಿ ಡ್ರೈವ್ ಕೂರಿಸುವ ಗೂಡೇ ಇರುವುದಿಲ್ಲ. ಅಂಗಡಿಯಲ್ಲಿ ಇವತ್ತು ಒಂದರಿಂದ ಮೂರು ಸಾವಿರ ರೂಪಾಯಿಯೊಳಗೆ ಸಿಗುವ ಈ ವಸ್ತು ಇನ್ನು ಹತ್ತು ವರ್ಷಕ್ಕೆ ಹಳೆ ಸಾಮಾನಿನ ರಾಶಿಯಲ್ಲಿ ಮಾತ್ರ ಸಿಗುವ ಹಾಗಾದರೆ ಆಶ್ಚರ್ಯವಿಲ್ಲ. ಒಂದು ಕಡೆ ತಟ್ಟೆ ಮಾಸುತ್ತಿದೆ, ಇನ್ನೊಂದು ಕಡೆ ಓದುವ ಯಂತ್ರ ಮಾಯವಾಗುತ್ತಿದೆ. ನಮಗೆ ಸಿಕ್ಕಿರುವ ಸಮಯ ಇವೆರಡರ ನಡುವಿನದು.

ಈಗ ಎರಡನೆಯ ಮಾತು: ಎಲ್ಲಾ ಯೂಟ್ಯೂಬಲ್ಲಿ ಉಂಟು.

ಉಂಟು, ನಾನೂ ದಿನವೂ ನೋಡುತ್ತೇನೆ. ಆದರೆ ಅಲ್ಲಿ ಹೆಚ್ಚಾಗಿ ಸಿಗುವುದು ಏನು? ಒಂದು ಹಾಸ್ಯದ ತುಣುಕು, ಎರಡು ಪದ್ಯ, 'ಅದ್ಭುತ ಸಂವಾದ' ಎಂಬ ತಲೆಬರಹದ ಹತ್ತು ನಿಮಿಷ. ಯಾವ ವರ್ಷದ್ದು? ಯಾವ ಊರಿನದು? ಎದುರು ಅರ್ಥಧಾರಿ ಯಾರು? ಕೇಳಿದರೆ ಉತ್ತರವಿಲ್ಲ. ಕೇಳಿ ಖುಷಿಪಡುವವರಿಗೆ ಅದು ಸಾಕು, ಸಾಕಾಗಲಿ. ಆದರೆ ಒಬ್ಬ ಅರ್ಥಧಾರಿಯ ಕರ್ಣ ಇಪ್ಪತ್ತು ವರ್ಷಗಳಲ್ಲಿ ಹೇಗೆ ಬದಲಾದ ಎಂದು ತಿಳಿಯಬೇಕಾದವರಿಗೆ ತಾರೀಕಿಲ್ಲದ ತುಣುಕಿನಿಂದ ಏನು ಪ್ರಯೋಜನ? ನಾವು ಶಾಸನದ ಕಾಲವನ್ನು ನಿರ್ಣಯಿಸಲು ಲಿಪಿಯ ಬಾಗು ಬಳುಕುಗಳನ್ನೆಲ್ಲ ಅಳೆಯುವವರು. ಕಣ್ಣೆದುರಿನ ಕಾಲದ ಪಠ್ಯಕ್ಕೆ ಕಾಲವೇ ಬೇಡ ಎನ್ನುತ್ತೇವೆಯೇ? ಮಾಸ್ತರರ ಆ ದುಂಡನೆಯ ಅಕ್ಷರಗಳಿಗೆ ಬೆಲೆ ಇರುವುದು ಇಲ್ಲಿ.

ಇನ್ನು, ಯೂಟ್ಯೂಬಿಗೆ ಆ ಹಳೆಯ ಮುದ್ರಣಗಳು ತಾವಾಗಿ ಹತ್ತಿಕೊಂಡಿಲ್ಲ. ಯಾರೋ ಒಬ್ಬರ ಮನೆಯಲ್ಲಿ ಡ್ರೈವ್ ಇತ್ತು, ತಾಳ್ಮೆಯೂ ಇತ್ತು, ಆದ್ದರಿಂದ ಅವು ಅಲ್ಲಿವೆ. ಆ ಚಾನೆಲ್ ಮುಚ್ಚಿದರೆ ಅವೂ ಹೋಗುತ್ತವೆ. ಅಂತರ್ಜಾಲದಲ್ಲಿದ್ದರೆ ಶಾಶ್ವತ ಎಂದು ನಂಬಿದವರು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ನೆನಪಿಸಿಕೊಳ್ಳಲಿ. ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದ ಆ ತಾಣ ಮುಚ್ಚಿತು. ಇವತ್ತು ನಾವು ಆ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವಿನಲ್ಲಿ ತೆರೆದು ಅಡಿಟಿಪ್ಪಣಿ ಹಾಕುತ್ತಿದ್ದೇವೆ ಎಂದರೆ, ಮುಚ್ಚುವ ಮೊದಲೇ ಪ್ರತಿ ಮಾಡಿಕೊಂಡವರಿದ್ದರು ಎಂದರ್ಥ. ಉಳಿದದ್ದು ಪ್ರತಿಯಾದದ್ದು ಮಾತ್ರ.

ಇದು ಕನ್ನಡಕ್ಕೆ ಹೊಸ ಪಾಠವೇನಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದನ್ನು ನಾವು ಪರೀಕ್ಷೆಯಲ್ಲಿ ಎರಡಂಕದ ಪ್ರಶ್ನೆಗೆ ಉತ್ತರವಾಗಿ ಬರೆದು ಮರೆತಿದ್ದೇವೆ. ಅವಳು ಆ ಕಾವ್ಯವನ್ನು ಹೊಗಳಿ ಸುಮ್ಮನಾಗಲಿಲ್ಲ, ಪ್ರತಿ ಮಾಡಿಸಿದಳು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದದ್ದು 1898ರಲ್ಲಿ. ಆ ಸಾವಿರ ವರ್ಷ ಅದನ್ನು ಕಾಪಾಡಿದವರು ಯಾರು? ಗರಿ ಜೀರ್ಣವಾಗುವ ಮೊದಲೇ ಇನ್ನೊಂದು ಗರಿಗೆ ಇಳಿಸಿದ, ಹೆಸರು ಗೊತ್ತಿಲ್ಲದ ಲಿಪಿಕಾರರು. ನಮ್ಮ ತಟ್ಟೆಗಳಿಗೆ ಸಾವಿರ ವರ್ಷ ಬೇಡ, ಇಪ್ಪತ್ತು ವರ್ಷಕ್ಕೇ ಲಿಪಿಕಾರರು ಬೇಕಾಗಿದ್ದಾರೆ. ಲಿಪಿಕಾರನಿಗೆ ಕಂಠ ಬೇಕಿದ್ದ ಹಾಗೆ ಇವತ್ತಿನವರಿಗೆ ಒಂದು ಡ್ರೈವ್ ಬೇಕು.

ಹಾಗಾದರೆ ಎಂಥ ಡ್ರೈವ್? 'ಯಾವುದೋ ಒಂದು' ಎಂಬ ಉತ್ತರವನ್ನೂ ನಾನು ವಿರೋಧಿಸುತ್ತೇನೆ. ಆನ್‌ಲೈನ್ ಅಂಗಡಿಗಳಲ್ಲಿ ಈ ಯಂತ್ರಗಳನ್ನು ಹೊಗಳುವ ಬಗೆ ನೋಡಿ: ತೆಳ್ಳಗಿದೆ, ಹಗುರವಾಗಿದೆ, ಬೇಗ ಬರೆಯುತ್ತದೆ. ಈ ಮೂರರಲ್ಲಿ ಒಂದೂ ನಮಗೆ ಬೇಕಾದ ಗುಣವಲ್ಲ. ನಮಗೆ ಬೇಕಾದದ್ದು ಒಂದೇ, ಮಾಸಿದ ತಟ್ಟೆಯನ್ನು ಓದುವ ಶಕ್ತಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ 24ಎಕ್ಸ್ ಎಂಬುದು ಡಿವಿಡಿ ಬರೆಯುವ ವೇಗ. ಹೊಸ ತಟ್ಟೆ ಬರೆಯುವ ಉದ್ದೇಶ ನಮಗಿಲ್ಲ. ಕೆಟ್ಟ ತಟ್ಟೆಯನ್ನು ಓದುವಾಗಲಂತೂ ವೇಗವೇ ಶತ್ರು. ನಿಧಾನವಾಗಿ ತಿರುಗಿಸಿದಷ್ಟೂ ಹೆಚ್ಚು ಸಿಗುತ್ತದೆ.

ಮೊದಲು, ಇರುವ ಡ್ರೈವ್ ನಿಜಕ್ಕೂ ಕೆಟ್ಟಿದೆಯೇ ನೋಡಿ. ಟ್ರೇ ಹೊರಗೆ ಬರುತ್ತಿಲ್ಲ ಎಂದರೆ ಬಹಳ ಸಲ ಸಡಿಲಾಗಿರುವುದು ಒಳಗಿನ ಪುಟ್ಟ ರಬ್ಬರ್ ಬೆಲ್ಟ್. ಮುಂಭಾಗದಲ್ಲಿ ಒಂದು ಸೂಜಿತೂತು ಇರುತ್ತದೆ. ಕಂಪ್ಯೂಟರ್ ಆರಿಸಿ, ಬಿಡಿಸಿದ ಪೇಪರ್ ಕ್ಲಿಪ್ಪಿನಿಂದ ಅದನ್ನು ಒತ್ತಿದರೆ ಟ್ರೇ ಹೊರಬರುತ್ತದೆ. ಸಿಡಿ ಓದುತ್ತದೆ, ಡಿವಿಡಿ ಓದುವುದಿಲ್ಲ ಅಥವಾ ಅದರ ತಿರುಗುಮುರುಗು ಎಂದಾದರೂ ಎಸೆಯಬೇಡಿ. ಸಿಡಿ ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಡಿವಿಡಿಯದು 650. ಎರಡರಲ್ಲಿ ಒಂದು ಸೋತಿರಬಹುದು, ಇನ್ನೊಂದು ಕೆಲಸಕ್ಕೆ ಬರುತ್ತದೆ.

ಹೊಸದೇ ಬೇಕೆಂದಾದರೆ, ಗೂಡು ಇರುವ ಹಳೆಯ ಡೆಸ್ಕ್‌ಟಾಪ್ ನಿಮ್ಮಲ್ಲಿದ್ದರೆ, ಒಳಗೆ ಕೂರಿಸುವ ಪೂರ್ಣ ಗಾತ್ರದ ಡ್ರೈವನ್ನೇ ಕೊಳ್ಳಿ. ಅದಕ್ಕೆ ನೇರ ವಿದ್ಯುತ್ ಸಿಗುತ್ತದೆ, ಟ್ರೇ ಗಟ್ಟಿ, ತಟ್ಟೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಒತ್ತಿ ಹಿಡಿಯುತ್ತದೆ. ತೆಳ್ಳನೆಯ ಡ್ರೈವುಗಳಲ್ಲಿ ತಟ್ಟೆಯನ್ನು ನಾವೇ ನಡುವಿನ ಗುಬುಟಿಗೆ ಒತ್ತಿ ಕೂರಿಸಬೇಕು. ಕೊಳ್ಳುವ ಮುನ್ನ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ ಕೇಬಲ್ ನೋಡಿ. ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಹಳೆಯ ಐಡಿಇ, ಬೆರಳಗಲಕ್ಕಿಂತ ಕಿರಿದಾದದ್ದು ಸಾಟಾ. ಈಗ ಹೊಸದಾಗಿ ಸಿಗುವುದು ಸಾಟಾ ಮಾತ್ರ. ನಿಮ್ಮ ಮದರ್‌ಬೋರ್ಡಿನಲ್ಲಿ ಸಾಟಾ ಜಾಗ ಇಲ್ಲದಿದ್ದರೆ ದುಡ್ಡು ಕೊಟ್ಟ ಮೇಲೆ ಪರದಾಡಬೇಕಾಗುತ್ತದೆ.

ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ಯುಎಸ್‌ಬಿ ಡ್ರೈವ್ ಅನಿವಾರ್ಯ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಸಂಗತಿ ತಿಳಿದಿರಲಿ. ಯುಎಸ್‌ಬಿ 2.0 ಕಿಂಡಿ ಕೊಡುವುದು ಹೆಚ್ಚೆಂದರೆ 500 ಮಿಲಿಆಂಪಿಯರ್. ತಟ್ಟೆ ತಿರುಗಲು ಆರಂಭಿಸುವ ಕ್ಷಣದಲ್ಲಿ ಅದು ಸಾಲದೆ ಹೋದರೆ ಡ್ರೈವ್ ಕುಟ್‌ಕುಟ್ ಎಂದು ನಿಂತುಬಿಡುತ್ತದೆ, ನಾವು ತಟ್ಟೆಯನ್ನು ಬೈಯುತ್ತೇವೆ. ಆದ್ದರಿಂದ ಎರಡು ಕಿಂಡಿಗಳಿಂದ ವಿದ್ಯುತ್ ಎಳೆಯುವ ಕವಲು ಕೇಬಲ್ ಇರುವುದನ್ನೋ ಪ್ರತ್ಯೇಕ ಅಡಾಪ್ಟರ್ ಹಾಕಬಹುದಾದದ್ದನ್ನೋ ಹುಡುಕಿ. ಹಬ್ಬಿಗೆ ಸಿಕ್ಕಿಸಬೇಡಿ, ನೇರ ಕಂಪ್ಯೂಟರಿಗೆ ಸಿಕ್ಕಿಸಿ. ಬಾಯಿಯೊಳಗೆ ತಟ್ಟೆ ನುಂಗುವ ಮಾದರಿ ನೋಡಲು ಚೆಂದ, ಆದರೆ ಅದಕ್ಕೆ ಎಂಟು ಸೆಂಟಿಮೀಟರಿನ ಪುಟ್ಟ ಸಿಡಿ ಹಾಕಿದರೆ ಸಿಕ್ಕಿಕೊಳ್ಳುವ ಅಪಾಯವಿದೆ. ಟ್ರೇ ಇರುವುದೇ ಇರಲಿ.

ಬ್ಲೂ-ರೇ ಡ್ರೈವ್ ಬೇಕೇ? ನಿಮ್ಮಲ್ಲಿ ಬ್ಲೂ-ರೇ ತಟ್ಟೆ ಇದ್ದರೆ ಬೇಕು. ಇಲ್ಲದಿದ್ದರೆ ಆ ದುಡ್ಡಿಗೆ ಬೇರೆ ಕಂಪನಿಯ ಎರಡನೆಯ ಡಿವಿಡಿ ಡ್ರೈವ್ ತನ್ನಿ. ನನ್ನ ವಾದದ ಮುಖ್ಯ ತಿರುಳು ಇಲ್ಲಿದೆ. ತಟ್ಟೆಯ ದೋಷಗಳನ್ನು ಸರಿಪಡಿಸಿಕೊಂಡು ಓದುವ ಸಾಮರ್ಥ್ಯ ಎಲ್ಲ ಡ್ರೈವುಗಳಿಗೂ ಒಂದೇ ಸಮನಾಗಿರುವುದಿಲ್ಲ. ಒಂದಕ್ಕೆ ಒಲಿಯದ ತಟ್ಟೆ ಇನ್ನೊಂದಕ್ಕೆ ಒಲಿಯುತ್ತದೆ. ಒಬ್ಬೊಬ್ಬರೂ ಎರಡೆರಡು ಕೊಳ್ಳಬೇಕಿಲ್ಲ. ನಾಲ್ಕು ಜನ ಗೆಳೆಯರು ಮಾತಾಡಿಕೊಂಡು ನಾಲ್ಕು ಬೇರೆ ಬೇರೆ ಡ್ರೈವ್ ಕೊಂಡರೆ ಸಾಕು.

ಆ ಮೇಲೆ ಮಾಡುವ ಕೆಲಸ ಕನ್ನಡ ಎಂ.ಎ. ಓದಿದವರಿಗೆಲ್ಲ ಪರಿಚಿತವಾದದ್ದೇ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ದತ್ತಾಂಶದ ತಟ್ಟೆಗಳಲ್ಲಿ, ಅಂದರೆ ಎಂಪಿ3, ಪಿಡಿಎಫ್, ಚಿತ್ರಗಳಿರುವ ತಟ್ಟೆಗಳಲ್ಲಿ, ಅದು ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಸಿಗದ ಜಾಗಗಳನ್ನು ಒಂದು ಕಡತದಲ್ಲಿ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಅಷ್ಟನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದೇ ಗುರುತಿನ ಕಡತ ಇಟ್ಟುಕೊಂಡು ತಟ್ಟೆಯನ್ನು ಎರಡನೆಯ ಡ್ರೈವಿಗೆ ಹಾಕಿದರೆ, ಬಿಟ್ಟುಹೋದ ಜಾಗಗಳನ್ನು ಅಲ್ಲಿಂದ ತುಂಬಿಕೊಳ್ಳುತ್ತದೆ. ಆಡಿಯೋ ಸಿಡಿಗಳಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬುದಿದೆ. ಒಂದೇ ಜಾಗವನ್ನು ಹಲವು ಸಲ ಓದಿ ಹೋಲಿಸಿ ನೋಡುತ್ತದೆ. 'ಕ' ಪ್ರತಿಯಲ್ಲಿ ತ್ರುಟಿತವಾದದ್ದನ್ನು 'ಖ' ಪ್ರತಿಯಿಂದ ತುಂಬಿಕೊಳ್ಳುವುದನ್ನು ನಾವು ಗ್ರಂಥಸಂಪಾದನೆ ಎಂದು ಪಾಠ ಓದಿಲ್ಲವೇ? ಪಾಠಾಂತರದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮಗೆ ಈ ಕೆಲಸ ಯಾಕೆ ಕೀಳಾಗಿ ಕಾಣಬೇಕು?

ಮೂರನೆಯ ಮಾತಿಗೆ ಬರುತ್ತೇನೆ: ಅದು ಲೈಬ್ರರಿಯವರ ಕೆಲಸ. ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದ ಸಂಸ್ಥೆಗಳಿವೆ. ಉಡುಪಿಯ ಎಂಜಿಎಂ ಕಾಲೇಜಿನ ಆರ್‌ಆರ್‌ಸಿಯ ಜನಪದ ರಂಗಕಲೆಗಳ ದಾಖಲಾತಿಗೆ ನಮ್ಮಂಥ ವಿದ್ಯಾರ್ಥಿಗಳು ಋಣಿಗಳು. ಆದರೆ ಸಂಸ್ಥೆಗಳ ಮೇಲೆ ಭಾರ ಹಾಕಿ ಕೂರುವವರು ಬಹುಪಾಲು ಸಂಸ್ಥೆಗಳು ಏನು ಮಾಡಿವೆ ಎಂದು ನೋಡಬೇಕು. ಯುಜಿಸಿಯ 2009ರ ನಿಯಮಾವಳಿ ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಕಡ್ಡಾಯ ಮಾಡಿತು, ಶೋಧಗಂಗಾ ಅದರಿಂದ ಬೆಳೆಯಿತು. ಒಳ್ಳೆಯದೇ ಆಯಿತು. ಅಲ್ಲಿಗೆ ಸೇರುವುದು ಪ್ರಬಂಧದ ಪಿಡಿಎಫ್. ಪ್ರಬಂಧದ ಹಿಂದಿರುವ ಕ್ಷೇತ್ರಕಾರ್ಯದ ಧ್ವನಿಮುದ್ರಣ? ಅದು ಅನುಬಂಧದ ಜೊತೆ ಸಿಡಿಯಾಗಿ ವಿಭಾಗದ ಬೀರು ಸೇರುತ್ತದೆ. ಹೆಸರು ಬೇಡ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಂಥ ಸಿಡಿಯೊಂದನ್ನು ನೋಡಬೇಕೆಂದು ಕೇಳಿದೆ. ಪತ್ರ ಬರೆಸಿಕೊಂಡರು, ಸಹಿ ಹಾಕಿಸಿಕೊಂಡರು, ತಟ್ಟೆ ಕೈಗೆ ಕೊಟ್ಟರು. ಇಡೀ ಕಟ್ಟಡದಲ್ಲಿ ಅದನ್ನು ಹಾಕಿ ಕೇಳುವ ಒಂದು ಕಂಪ್ಯೂಟರ್ ಇರಲಿಲ್ಲ. ಹೊರಗೆ ಒಯ್ಯಲು ಅನುಮತಿಯೂ ಇರಲಿಲ್ಲ. ಆ ಸಿಡಿಯನ್ನು ಅಷ್ಟು ಭದ್ರವಾಗಿ ಕಾಯುತ್ತಿರುವುದು ಯಾರಿಂದ? ಕೇಳಬೇಕೆಂದಿರುವವರಿಂದಲೇ ಅಲ್ಲವೇ?

ನಾನು ಗ್ರಂಥಾಲಯದ ಸಿಬ್ಬಂದಿಯನ್ನು ದೂರುತ್ತಿಲ್ಲ. ಹೊಸ ಕಂಪ್ಯೂಟರುಗಳಿಗೆ ಟೆಂಡರ್ ಕರೆದಾಗ ಡ್ರೈವ್ ಬೇಕೆಂದು ಬರೆಯುವ ಅಧಿಕಾರ ಅವರದಾಗಿರಲಿಲ್ಲ. ಬರೆಯಬೇಕಾದವರು ಕೇಳಿದ್ದೂ ಅದೇ ಪ್ರಶ್ನೆ: ಸಿಡಿ ಈಗ ಯಾರಿಗೆ ಬೇಕು?

ಡ್ರೈವ್ ಸಿಕ್ಕಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ತಿಳಿಯಬೇಕಿಲ್ಲ. ಒಳಗೆ ಇನ್ನೊಂದು ಬೀಗವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಕಡತಗಳನ್ನು ನುಡಿ, ಬರಹ, ಶ್ರೀಲಿಪಿಗಳಂಥ ತಂತ್ರಾಂಶಗಳ ಆಯಾ ಫಾಂಟುಗಳಲ್ಲೇ ಟೈಪಿಸಲಾಗಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಗಾಬರಿಯಾಗಿ ಅಳಿಸಬೇಡಿ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು ಬದಲಾಯಿಸಿದ್ದನ್ನು ಪಕ್ಕದಲ್ಲಿಡಿ. ವಿಸಿಡಿಯ ಚಿತ್ರ ಎಲ್ಲಿದೆ ಎಂದು ತಿಳಿಯದವರು ಎಂಪೆಗ್‌ಎವಿ ಎಂಬ ಫೋಲ್ಡರಿನ ಡ್ಯಾಟ್ ಕಡತಗಳನ್ನು ವಿಎಲ್‌ಸಿಯಲ್ಲಿ ತೆರೆದು ನೋಡಿ.

ಇನ್ನೊಂದು ಆಕ್ಷೇಪಣೆ ನ್ಯಾಯವಾದದ್ದು: ಮಾರಾಟಕ್ಕಿದ್ದ ಸಿಡಿಗಳನ್ನು ಹೀಗೆ ಪ್ರತಿ ಮಾಡುವುದು ಸರಿಯೇ? ಖಾಸಗಿ ಬಳಕೆಗೆ, ಸಂಶೋಧನೆಗೆ ನ್ಯಾಯೋಚಿತವಾಗಿ ಬಳಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಏರಿಸುವುದು ಬೇರೆ ಮಾತು. ಅದಕ್ಕೆ ಹಕ್ಕುದಾರರನ್ನು ಕೇಳಬೇಕು. ಕ್ಷೇತ್ರಕಾರ್ಯದ ಮುದ್ರಣವಾದರೆ ಹಾಡಿದವರನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಕೇಳುವುದು ಮರ್ಯಾದೆ. ಆದರೆ ಕೇಳಿ ಒಪ್ಪಿಗೆ ಬರುವ ಹೊತ್ತಿಗೆ ತಟ್ಟೆಯೇ ಮಾಸಿರಬಾರದು. ಮೊದಲು ಉಳಿಸೋಣ, ಹಂಚುವ ಚರ್ಚೆ ಆಮೇಲೆ ನಡೆಯಲಿ.

ಹಾಗಾಗಿ ನನ್ನ ಒತ್ತಾಯಗಳು ಸರಳವಾಗಿವೆ. ಸಿಡಿ ಸಲ್ಲಿಸಿ ಎಂದು ಸುತ್ತೋಲೆ ಹೊರಡಿಸುವ ಪ್ರತಿಯೊಂದು ವಿಭಾಗವೂ ಅದನ್ನು ಓದುವ ಎರಡು ಡ್ರೈವ್ ಇಟ್ಟುಕೊಳ್ಳಲಿ, ಇಲ್ಲವಾದರೆ ಸಿಡಿ ಕೇಳುವುದನ್ನು ನಿಲ್ಲಿಸಲಿ. ಬೀರುವಿನಲ್ಲಿರುವ ತಟ್ಟೆಗಳಿಗೆ ಒಂದು ರಿಜಿಸ್ಟರ್ ಮಾಡಲಿ: ಯಾವುದು ಓದುತ್ತದೆ, ಯಾವುದು ಓದುವುದಿಲ್ಲ, ಎಂದು ಪ್ರತಿ ಮಾಡಲಾಯಿತು. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಓಲೆಗರಿಯ ಪಾಠದ ಪಕ್ಕ ಈ ಕೆಲಸಕ್ಕೂ ಒಂದು ವಾರ ಕೊಡಲಿ.

ಮನೆಯಲ್ಲಿ ತಟ್ಟೆಗಳಿರುವ ಓದುಗರಿಗೆ ಇನ್ನೂ ಸಣ್ಣ ಕೋರಿಕೆ. ಡ್ರೈವ್ ತರುವ ಮೊದಲೇ, ಈ ಭಾನುವಾರ, ಅವನ್ನು ಡಬ್ಬಿಯಿಂದ ತೆಗೆದು ಮೇಲೆ ಬರೆದದ್ದನ್ನೆಲ್ಲ ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಿ. ಏನೂ ಬರೆದಿಲ್ಲದಿದ್ದರೆ ಅದು ಯಾವ ಊರಿನದು, ಯಾರ ದನಿ ಎಂದು ಮನೆಯ ಹಿರಿಯರನ್ನು ಕೇಳಿ. ಆಮೇಲೆ ಡ್ರೈವ್ ತನ್ನಿ, ಕಂಪನಿಯ ತಟ್ಟೆಗಿಂತ ಮೊದಲು ಮನೆಯಲ್ಲಿ ಬರೆದ ತಟ್ಟೆ ಹಾಕಿ. ಪ್ರತಿ ಆದದ್ದನ್ನು ಎರಡು ಕಡೆ ಇಡಿ, ಒಂದನ್ನು ಬೇರೆ ಊರಿನಲ್ಲಿರುವ ಯಾರಿಗಾದರೂ ಕೊಡಿ. ಅಂಗಡಿಯವರು "ಈಗ ಯಾರಿಗೆ ಬೇಕು?" ಎಂದು ಕೇಳಿದರೆ "ನನಗೆ ಬೇಕು" ಎಂದು ಹೇಳಿ ಬಿಲ್ ಮಾಡಿಸಿ.